ಹೌದಕ್ಕನ ಐದು ಗಂಟೆ

ಮೊದಲು ಮಷೀನು ಕೇಳುವುದು ನಿನ್ನ ಭಾಷೆ ಯಾವುದು ಎಂದು. ಹೇಳಬೇಕು. ಆಮೇಲೆ ಕೀಬೋರ್ಡ್ ಯಾವ ತರದ್ದು ಎಂದು ಕೇಳುತ್ತದೆ. ಅದನ್ನೂ ಹೇಳಬೇಕು. ಸ್ವಲ್ಪ ಹೊತ್ತು ಗೊರಗೊರ ಎಂದು ತನ್ನೊಳಗೇ ಏನೋ ತಡಕಾಡಿಕೊಂಡು, ಗಡಿಯಾರಕ್ಕೆ ಯಾವ ದೇಶದ ಹೊತ್ತು ಇಟ್ಟುಕೊಳ್ಳಲಿ ಎನ್ನುತ್ತದೆ. ಅದಕ್ಕೆ ಉತ್ತರ ಕೊಟ್ಟು ನೀರು ಕುಡಿಯಲು ಎದ್ದರೆ, ತಿರುಗಿ ಬರುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಹಿಡಿದುಕೊಂಡು ನಿಂತಿರುತ್ತದೆ: ಒಳಗಿರುವುದನ್ನೆಲ್ಲ ಅಳಿಸಿಬಿಡಲೇ? ಹೌದು. ನಿಜವಾಗಿಯೂ? ಹೌದು ಮಹರಾಯ. ಮಲಗಿಸಿದ ಮಗು ನಿದ್ದೆ ಬಂದ ಹಾಗೆ ನಟಿಸಿ, ತಾಯಿ ಬಾಗಿಲ ತನಕ ಹೋದ ಕೂಡಲೇ ನೀರು ಬೇಕು ಎನ್ನುತ್ತದಲ್ಲ, ಹಾಗೆ. ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿ ಮುಗಿಸುವ ಬುದ್ಧಿ ಅದಕ್ಕಿಲ್ಲ.

ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುವುದೇ ಅವಳ ಹೊಟ್ಟೆಪಾಡಾಗಿತ್ತು. ಆಫೀಸುಗಳು ಬೇಡವೆಂದು ಹೊರಹಾಕಿದ ಕಂಪ್ಯೂಟರುಗಳು ಆ ಉದ್ದನೆಯ ಹಾಲಿಗೆ ಬಂದು ಬೀಳುತ್ತಿದ್ದವು. ತಗಡಿನ ಮಾಡು, ಒಂದೇ ಗೋಡೆಗೆ ಕಿಟಕಿ, ಮೂಲೆಯಲ್ಲಿ ಕೈಕಾಲು ಮುರಿದ ಕುರ್ಚಿಗಳ ರಾಶಿ. ಬಾಗಿಲ ಬಳಿಯ ಮೇಜಿನಲ್ಲಿ ಒಬ್ಬ ಮುದುಕ ಕೂತು ಆ ಕಂಪ್ಯೂಟರುಗಳ ಹೊಟ್ಟೆ ಬಿಚ್ಚಿ, ಬ್ರಷ್ಷಿನಲ್ಲಿ ಧೂಳು ಹೊಡೆದು, ಸತ್ತ ಜಿರಲೆಗಳನ್ನು ಆರಿಸಿ ತೆಗೆದು, ಮತ್ತೆ ಮುಚ್ಚಿ, ಮೈಮೇಲೊಂದು ನಂಬರಿನ ಚೀಟಿ ಅಂಟಿಸುತ್ತಿದ್ದ. ತುಟಿಗಳ ನಡುವೆ ಯಾವಾಗಲೂ ಒಂದೆರಡು ಸ್ಕ್ರೂ ಕಚ್ಚಿಕೊಂಡೇ ಇರುತ್ತಿದ್ದುದರಿಂದ ಅವನು ಎಲ್ಲರಿಗೂ ಸ್ಕ್ರೂ ತಾತ.

ತಾತನ ಕೈ ದಾಟಿದ ಮಷೀನು ಅವಳ ಮೇಜಿಗೆ ಬರುತ್ತಿತ್ತು. ಅದಕ್ಕೆ ಲಿನಕ್ಸ್, ಎಂದರೆ ಮಷೀನನ್ನು ನಡೆಸುವ ಸಾಫ್ಟ್‌ವೇರು, ಹಾಕುವುದು ಅವಳ ಪಾಲು. ಬರೀ ಮಷೀನು ಎಂದರೆ ಖಾಲಿ ಮನೆ ಇದ್ದ ಹಾಗೆ. ಒಳಗೊಬ್ಬರು ಬಂದು ಸಂಸಾರ ಹೂಡಿ ದೀಪ ಹಚ್ಚದಿದ್ದರೆ ಅದು ಗೋಡೆ, ಅಷ್ಟೇ. ಲಿನಕ್ಸ್ ಎಂಬ ಒಕ್ಕಲು ಇಕ್ಕಟ್ಟಿಗೆ ಒಗ್ಗುವಂಥದ್ದು. ಪುಕ್ಕಟೆ ಬರುತ್ತದೆ, ಮನೆ ಹಳೆಯದು ಕೋಣೆ ಕಿರಿದು ಎಂದು ಮೂಗು ಮುರಿಯುವುದಿಲ್ಲ, ಇದ್ದಷ್ಟರಲ್ಲೇ ಅಚ್ಚುಕಟ್ಟಾಗಿ ಇರುತ್ತದೆ. ಹಾಗೆ ಜೀವ ಬಂದ ಕಂಪ್ಯೂಟರುಗಳು ವಾಚನಾಲಯಗಳಿಗೆ, ಶಾಲೆಗಳಿಗೆ, ಸಣ್ಣಪುಟ್ಟ ಅಂಗಡಿಗಳಿಗೆ ಹೋಗುತ್ತಿದ್ದವು.

ದಿನವಿಡೀ ಪರದೆಯ ಮುಂದೆ ಕೂತು ಹೌದು ಹೌದು ಎಂದು ಒತ್ತುವವಳಿಗೆ ಹೌದಕ್ಕ ಎಂದು ಹೆಸರಿಟ್ಟವನು ಸ್ಕ್ರೂ ತಾತನೇ. ಅವಳಿಗಿಂತ ಎಷ್ಟೋ ದೊಡ್ಡವನಾದರೂ ಅಕ್ಕ ಎನ್ನುತ್ತಿದ್ದ. "ಈ ವಯಸ್ಸಿಗೆ ಬಂದ ಮೇಲೆ ಎಲ್ಲರೂ ಅಕ್ಕಂದಿರೇ, ಯಾರ ಜೊತೆಗೂ ಜಗಳ ಇರಲ್ಲ" ಎನ್ನುವುದು ಅವನ ಲೆಕ್ಕ. ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತು.

ಹಾಲಿನಲ್ಲಿ ಮಷೀನು ಕೇಳುವುದು ಮುಗಿದರೆ ಮನೆಯಲ್ಲಿ ಅತ್ತೆ ಕೇಳುವುದು ಶುರು. ಒಂದು ಕಾಲದಲ್ಲಿ ಬೀದಿಯ ಯಾರ ಮಗು ಯಾವಾಗ ಹುಟ್ಟಿತು, ಯಾರ ಮನೆಯ ಹೆಣ್ಣನ್ನು ಎಲ್ಲಿಗೆ ಕೊಟ್ಟರು ಎಂದು ಬಾಯಿಪಾಠ ಒಪ್ಪಿಸುತ್ತಿದ್ದ ಹೆಂಗಸು. ಈಗ ತಲೆಯೊಳಗಿನದೆಲ್ಲ ಸೋರಿ, ತಳದಲ್ಲಿ ನಾಲ್ಕು ಪ್ರಶ್ನೆ ಉಳಿದಿದ್ದವು.

"ಯಾರು ನೀವು?"

"ನಿಮ್ಮ ಸೊಸೆ, ಅತ್ತೆ."

"ದೊಡ್ಡವನ ಹೆಂಡ್ತಿಯೋ, ಚಿಕ್ಕವನ ಹೆಂಡ್ತಿಯೋ?"

"ದೊಡ್ಡವರ ಹೆಂಡ್ತಿ."

"ಅವನೆಲ್ಲಿ?"

"ಲಾರಿ ತಗೊಂಡು ಹೋಗಿದ್ದಾರೆ."

"ನಂದು ಊಟ ಆಯ್ತಾ?"

"ಆಯ್ತು."

"ಆಗಿದ್ರೆ ಹೊಟ್ಟೆಗೆ ಯಾಕೆ ಗೊತ್ತಾಗ್ಲಿಲ್ಲ?"

ಇದಕ್ಕೆ ನಕ್ಕು ಮುಗಿಸುವಷ್ಟರಲ್ಲಿ ಮತ್ತೆ, "ಯಾರು ನೀವು?"

ಗಂಡ ಉದ್ದ ದಾರಿಯ ಲಾರಿ ಓಡಿಸುವವನು. ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಹಗಲು ಅತ್ತೆಯನ್ನು ನೋಡಿಕೊಳ್ಳಲು ಒಬ್ಬಾಕೆ ಬರುತ್ತಿದ್ದಳು. ಒಳ್ಳೆಯವಳೇ, ಆದರೆ ಐದಕ್ಕೆ ಬಿಟ್ಟರೆ ಮಾತ್ರ ಇನ್ನೊಂದು ಮನೆಯ ಕೆಲಸಕ್ಕೆ ಹೋಗುವ ಬಸ್ಸು ಸಿಗುತ್ತಿತ್ತು. ಹೌದಕ್ಕ ಮೆಟ್ಟಿಲು ಹತ್ತುವ ಸದ್ದಿಗೆ ಆಕೆ ಚಪ್ಪಲಿಯೊಳಗೆ ಕಾಲು ತೂರಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ತಲೆ ಮೇಲೆ ತಲೆ ಬಿದ್ದರೂ ಐದೆಂದರೆ ಐದೇ.

ಒಂದು ಸಲ ಆ ಐದು ತಪ್ಪಿತು. ಕೊನೆಯ ಮಷೀನು ಅರ್ಧ ದಾರಿಯಲ್ಲಿ ಪ್ರಶ್ನೆ ಹಿಡಿದು ನಿಂತಿತ್ತು, ಬಿಟ್ಟು ಹೋದರೆ ಬೆಳಿಗ್ಗೆ ಮೊದಲಿನಿಂದ ಶುರು ಮಾಡಬೇಕು. ಹೌದಕ್ಕ ಇನ್ನೇನು ಮುಗಿಯಿತು, ಇನ್ನೇನು ಮುಗಿಯಿತು ಎಂದು ಕೂತಳು. ಇತ್ತ ಮನೆಯಲ್ಲಿ ನೋಡಿಕೊಳ್ಳುವಾಕೆ ಸ್ವಲ್ಪ ಹೊತ್ತು ಕಾದು, ಅತ್ತೆಯನ್ನು ಹಾಸಿಗೆಯಲ್ಲಿ ಮಲಗಿಸಿ, ಬಾಗಿಲು ಮುಂದೆ ಮಾಡಿಕೊಂಡು ಹೊರಟಳು. ಅತ್ತೆ ಎದ್ದು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಹಿಂದಿನ ಬೀದಿಯ ಕ್ಷೌರದಂಗಡಿಗೆ ಹೋಗಿ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಕ್ಷೌರದವನು ಒಳ್ಳೆಯ ಮನುಷ್ಯ. ನೀರು ಕೊಟ್ಟು, ಕನ್ನಡಿಯೊಳಗಿನ ಮುದುಕಿಯ ಜೊತೆ ಮಾತಾಡಿಕೊಂಡಿರಲು ಬಿಟ್ಟು, ಗುರುತು ಹಿಡಿದು ಚಿಕ್ಕ ಮಗನಿಗೆ ಫೋನು ಮಾಡಿದ.

ಚಿಕ್ಕ ಮಗ ಎಂದರೆ ಹೌದಕ್ಕನ ಮೈದುನ. ಲಿಫ್ಟ್ ರಿಪೇರಿ ಮಾಡುವವನು. ಊರಿನ ಇನ್ನೊಂದು ಕೊನೆಯಲ್ಲಿ ಮನೆ. ಕೆಟ್ಟವನಲ್ಲ, ಆದರೆ ಕಣ್ಣಿಗೆ ಬೀಳದ ಕಷ್ಟವನ್ನು ನಂಬುವ ಜಾತಿಯಲ್ಲ. ಅವತ್ತು ತಾಯಿಯನ್ನು ಕರೆತಂದು ಕೂರಿಸಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಅತ್ತಿಗೆ, ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲ."

"ಸಿಟ್ಟಿಲ್ಲ ಅಂತ ಶುರು ಮಾಡಿದ ಮಾತು ಎಲ್ಲಿಗೆ ಹೋಗುತ್ತೆ ಅಂತ ಗೊತ್ತು ನಂಗೆ. ಹೇಳು."

"ಇನ್ನೊಂದು ಸಲ ಹೀಗಾದ್ರೆ ಅಮ್ಮನ್ನ ವೃದ್ಧಾಶ್ರಮಕ್ಕೆ ಸೇರಿಸಿಬಿಡ್ತೀನಿ. ಅಲ್ಲಿ ಗೇಟಿದೆ, ಬೀಗ ಇದೆ. ಅಣ್ಣನ ಹತ್ರಾನೂ ಮಾತಾಡಿದೀನಿ. ಅವನು ನಿಮ್ಮಿಷ್ಟ ಅಂದ."

"ಯಾರಿಷ್ಟ? ನಂದೋ ನಿಂದೋ?"

"ಅದನ್ನ ಹೇಳ್ಲಿಲ್ಲ."

ಗಂಡನ ಮಾತೇ ಹಾಗೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಅತ್ತೆಯ ಮೇಲೆ ಅವಳಿಗೆ ಉಕ್ಕಿ ಹರಿಯುವ ಪ್ರೀತಿ ಇತ್ತು ಎಂದರೆ ಸುಳ್ಳಾಗುತ್ತದೆ. ಒಂದು ಕಾಲದಲ್ಲಿ ಇಬ್ಬರೂ ಚೆನ್ನಾಗಿಯೇ ಜಗಳವಾಡಿದವರು. ಆದರೆ ಬೀಗ ಹಾಕಿದ ಗೇಟಿನೊಳಗೆ ಅತ್ತೆ ಈ ಪ್ರಶ್ನೆಗಳನ್ನೇ ಕೇಳುತ್ತಾರೆ, ಉತ್ತರ ಹೇಳುವವರು ಯಾರೂ ಇರುವುದಿಲ್ಲ ಎಂದು ನೆನೆದರೆ ಅವಳು ಬಡಿಸಿಕೊಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದಳು. ಹಾಗಾಗಿ ಐದು ಗಂಟೆ ಎನ್ನುವುದು ಅವಳ ಪಾಲಿಗೆ ಗಡಿಯಾರದ ಮುಳ್ಳಾಗಿ ಉಳಿಯಲಿಲ್ಲ, ಕುತ್ತಿಗೆಯ ಮೇಲಿನ ಕತ್ತಿಯಾಯಿತು.

ಅದೇ ಹೊತ್ತಿಗೆ ಹಾಲಿನ ಯಜಮಾನರು ಸುತ್ತಲಿನ ವಾಚನಾಲಯಗಳಿಗೆಲ್ಲ ಕಂಪ್ಯೂಟರು ಕೊಡುವುದಾಗಿ ಒಪ್ಪಿಕೊಂಡು ಬಂದರು. ಮಷೀನುಗಳು ಗೋಡೆಯುದ್ದಕ್ಕೂ ಸೊಂಟದೆತ್ತರ ಪೇರಿಕೊಂಡವು. ಹೌದಕ್ಕನ ಮಣಿಕಟ್ಟು ಊದಿಕೊಂಡಿತು. ಸಾಲಾಗಿ ಪರದೆಗಳನ್ನಿಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಓಡಾಡಿದರೂ, ಇದಕ್ಕೆ ಉತ್ತರ ಹೇಳುವಾಗ ಅದು ಕೇಳುತ್ತಾ ಕಾದಿರುತ್ತಿತ್ತು. ಗಾಣದ ಎತ್ತಾದರೂ ಒಂದೇ ಗಾಣ ಸುತ್ತುತ್ತದೆ.

ದಾರಿ ತೋರಿಸಿದವನು ಕೇಬಲ್ ಎಳೆಯಲು ಬಂದ ಆಳು. ಏಣಿಯ ಮೇಲೆ ನಿಂತು ಅವಳ ಓಡಾಟ ನೋಡಿ ನಕ್ಕ.

"ಎಲ್ಲದಕ್ಕೂ ಅದೇ ಉತ್ತರ ಕೊಡ್ತೀರಲ್ಲ. ಒಂದು ಫೈಲಲ್ಲಿ ಬರೆದಿಟ್ಬಿಡಿ. ಮಷೀನು ತಾನೇ ಓದ್ಕೊಳ್ಳುತ್ತೆ, ನಿಮ್ಮನ್ನ ಕೇಳೋದೇ ಇಲ್ಲ."

"ಸುಮ್ನೆ ಆಡ್ಕೋಬೇಡ. ಏಣಿ ಅಲ್ಲಾಡಿಸ್ತೀನಿ ನೋಡು."

"ನಿಜ. ದೊಡ್ಡ ಕಡೆ ಎಲ್ಲ ಹಾಗೇ ಮಾಡೋದು. ಒಂದು ಮಷೀನಲ್ಲಿ ಲಿನಕ್ಸೂ ಈ ಉತ್ತರದ ಫೈಲೂ ಇಟ್ಟು, ಉಳಿದವನ್ನೆಲ್ಲ ಕೇಬಲಲ್ಲಿ ಅದಕ್ಕೆ ಕಟ್ಟಿಹಾಕ್ತಾರೆ. ಸ್ವಿಚ್ ಒತ್ತಿದ್ರೆ ಸಾಕು, ಎಲ್ಲ ಅಲ್ಲಿಂದ್ಲೇ ಎಳ್ಕೊಳ್ಳುತ್ತೆ. ಕರು ಹಾಲು ಕುಡಿದ ಹಾಗೆ."

ಅವನು ಹೇಗೆ ಎಂದು ಹೇಳಿಕೊಟ್ಟು ಹೋದ. ಹೇಳಿದ್ದು ಸುಲಭ, ಮಾಡಿದ್ದು ಕಷ್ಟ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವಳು ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಕೀಬೋರ್ಡು ಹಿಡಿದು ಆ ಫೈಲು ಬರೆದಳು. ಭಾಷೆ ಇದು, ಕೀಬೋರ್ಡು ಇದು, ಹೊತ್ತು ಇಲ್ಲಿಯದು, ಹಾರ್ಡ್ ಡಿಸ್ಕ್ ಪೂರ್ತಿ ಅಳಿಸು, ಕೇಳಬೇಡ, ಮುಗಿದ ಮೇಲೆ ನೀನೇ ಆರಿಹೋಗು. ಸಾಲಿನ ಮುಂದೆ ಬಿಡಬೇಕಾದ ಜಾಗ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಮಷೀನು ಮುಖ ಗಂಟು ಹಾಕಿಕೊಂಡು ಕೂತುಬಿಡುತ್ತಿತ್ತು, ಏನಾಯಿತು ಎಂದು ಬಾಯಿ ಬಿಡುತ್ತಿರಲಿಲ್ಲ. ಹೊಸದಾಗಿ ಮದುವೆಯಾದ ಗಂಡಸಿನ ಹಾಗೆ, ಎಂದಳು ಅವಳು. "ಹಳೆಯದಾದ ಮೇಲೂ ಹಾಗೇ ಇರ್ತಾರೆ ಬಿಡು" ಎಂದ ತಾತ.

ಕೊನೆಗೊಂದು ದಿನ ಸ್ವಿಚ್ ಒತ್ತಿದ ಮಷೀನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಸಾಲು ಸಾಲು ಅಕ್ಷರ ಓಡಿತು, ನಿಂತಿತು, ಓಡಿತು. ಮುಗಿಸಿ ತಾನೇ ಆರಿತು. ಹೌದಕ್ಕ ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಲೇ ಇದ್ದಳು. ಸಂತೋಷ ಎನ್ನುವುದು ಬರುವ ಮೊದಲೇ ನಿದ್ದೆ ಬಂದ ಹಾಗಾಯಿತು.

ಅವತ್ತಿನಿಂದ ಅವಳು ಸಂಜೆ ಎಲ್ಲ ಮಷೀನುಗಳಿಗೆ ಕೇಬಲ್ ಚುಚ್ಚಿ, ಸ್ವಿಚ್ ಒತ್ತಿ, ಅವುಗಳ ಪಾಡಿಗೆ ಅವನ್ನು ಬಿಟ್ಟು ಬಸ್ಸು ಹಿಡಿಯತೊಡಗಿದಳು. ಹಾಲಿನಲ್ಲೊಂದು ರೂಢಿಯನ್ನೂ ಮಾಡಿಕೊಂಡರು. ತಾತ ಪ್ರತಿ ಮಷೀನಿನ ಹೊಟ್ಟೆ ಮುಚ್ಚುವಾಗಲೇ, ಹೊತ್ತಿಕೊಂಡ ಕೂಡಲೇ ಮೊದಲು ಕೇಬಲಿನ ಕಡೆ ನೋಡು, ಆಮೇಲೆ ನಿನ್ನ ಒಳಗೆ ನೋಡಿಕೋ ಎಂದು ಅದಕ್ಕೆ ಕಲಿಸಿಬಿಡುತ್ತಿದ್ದ. ಹೌದಕ್ಕ ಒಂದೊಂದನ್ನೂ ಬಗ್ಗಿ ಒತ್ತುವ ಕಷ್ಟ ತಪ್ಪಲಿ ಎಂದು. ಕಲಿಸಿದ್ದನ್ನು ಮರೆಸಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ.

"ನಿನ್ನ ಅತ್ತೆಗೂ ಒಂದು ಫೈಲು ಬರೆದಿಡು ಹೌದಕ್ಕ" ಎಂದ ತಾತ, ತಮಾಷೆಗೆ.

ಅವಳು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಭಾನುವಾರ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಾಸಿಗೆಯ ಎದುರಿನ ಗೋಡೆಗೆ ಅಂಟಿಸಿದಳು. ನಾನು ನಿಮ್ಮ ದೊಡ್ಡ ಸೊಸೆ. ನಿಮ್ಮ ದೊಡ್ಡ ಮಗ ಲಾರಿ ಓಡಿಸಲು ಹೋಗಿದ್ದಾರೆ. ನಿಮ್ಮ ಊಟ ಆಗಿದೆ. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲನ್ನು ಗಟ್ಟಿಯಾಗಿ, ಚೆಂದಾಗಿ ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದು ಕೇಳಿದರು: "ಇದನ್ನ ಬರೆದೋರು ಯಾರು?"

ನಾಲ್ಕಿದ್ದ ಪ್ರಶ್ನೆ ಐದಾಯಿತು. ಹೌದಕ್ಕ ಮಾರನೆಯ ದಿನವೇ ಕಾಗದ ಕಿತ್ತುಹಾಕಿದಳು.

ಹಾಗೂ ಹೀಗೂ ಕೆಲವು ವಾರ ನೆಟ್ಟಗೆ ನಡೆಯಿತು. ಆಮೇಲೊಂದು ದಿನ, ಯಜಮಾನರು ಹೊರಗೆ ಹೋಗಿದ್ದಾಗ, ಮುಂದಿನ ಕೋಣೆಯ ಅವರ ಕಂಪ್ಯೂಟರಿಗೆ ಇಂಟರ್ನೆಟ್ ನಿಂತುಹೋಯಿತು. ಯಾವ ವಾಚನಾಲಯಕ್ಕೆ ಎಂಥ ಮಷೀನು, ಯಾರ ವಿಳಾಸ, ಯಾರಿಗೆ ಯಾವ ಮಾತು ಕೊಟ್ಟಿದೆ ಎಂಬುದೆಲ್ಲ ಇದ್ದದ್ದು ಅದರಲ್ಲೇ. ಸ್ಕ್ರೂ ತಾತನಿಗೆ ಉಪಕಾರ ಮಾಡುವ ಹುಮ್ಮಸ್ಸು. ಹಾಲಿನಲ್ಲಿ ಇಂಟರ್ನೆಟ್ ಇದೆಯಲ್ಲ ಎಂದು ಅಲ್ಲಿಂದ ಒಂದು ಉದ್ದನೆಯ ಕೇಬಲು ಎಳೆದು, ಬಾಗಿಲ ಕೆಳಗೆ ತೂರಿಸಿ, ಆ ಕಂಪ್ಯೂಟರಿಗೆ ಚುಚ್ಚಿ, ಒಮ್ಮೆ ಆರಿಸಿ ಹಚ್ಚಿದ.

ಆ ಕಂಪ್ಯೂಟರೂ ಈಚೆಗೆ ಇದೇ ಹಾಲಿನಲ್ಲಿ ತಯಾರಾದದ್ದು. ತಾತನೇ ಅದರ ಹೊಟ್ಟೆ ಮುಚ್ಚಿದವನು. ಕಲಿಸಿದ ಪಾಠ ಮರೆಯದೆ ಅದು ಮೊದಲು ಕೇಬಲಿನ ಕಡೆ ನೋಡಿತು. ಆ ತುದಿಯಲ್ಲಿ ಹೌದಕ್ಕನ ಉತ್ತರಗಳು ಕಾದಿದ್ದವು. ಪೂರ್ತಿ ಅಳಿಸು. ಕೇಳಬೇಡ.

ತಾತ ಕೈ ತೊಳೆದು ಬರುವಷ್ಟರಲ್ಲಿ ಪರದೆಯ ಮೇಲೆ ಅಕ್ಷರಗಳು ಓಡುತ್ತಿದ್ದವು. "ಹೌದಕ್ಕ" ಎಂದು ಕೂಗಿದ. ಅವಳು ಓಡಿ ಬಂದು ಕೇಬಲು ಕಿತ್ತಳು. ಆಗಲೇ ಹೋಗುವುದೆಲ್ಲ ಹೋಗಿತ್ತು.

ಯಜಮಾನರು ಬಂದರು. ಕೂಗಾಡುವ ಮನುಷ್ಯ ಅಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಹೊಚ್ಚಹೊಸದಾಗಿ, ತೊಳೆದಿಟ್ಟ ಹಲಗೆಯ ಹಾಗಿದ್ದ ಪರದೆಯನ್ನು ನೋಡುತ್ತಾ ಕೂತರು.

"ಕೇಬಲ್ ಚುಚ್ಚಿದ್ದು ನಾನು ಸಾರ್" ಎಂದ ತಾತ.

"ಕೇಳಬೇಡ ಅಂತ ಬರೆದವಳು ನಾನು" ಎಂದಳು ಅವಳು.

"ನೀನು ಬರೆದಿದ್ರೇನು, ನಾನು ಚುಚ್ಚದಿದ್ರೆ ಆಗ್ತಿತ್ತಾ?"

"ನಾನು ಬರೀದಿದ್ರೆ ನೀವು ಹತ್ತು ಸಲ ಚುಚ್ಚಿದ್ರೂ ಏನಾಗ್ತಿತ್ತು ತಾತ?"

"ತಪ್ಪು ಹಂಚ್ಕೊಳ್ಳೋದಕ್ಕೂ ಜಗಳ ಆಡ್ತೀರಲ್ಲ" ಎಂದರು ಯಜಮಾನರು, ಬಳಲಿ. "ನೋಡಮ್ಮ, ಒಂದೊಂದೇ ವಾಚನಾಲಯಕ್ಕೆ ಫೋನು ಮಾಡಿ ನಿಮಗೆ ಏನು ಹೇಳಿದ್ದೆವು ಅಂತ ಕೇಳ್ಬೇಕು ನಾನೀಗ. ಭಿಕ್ಷೆ ಬೇಡಿದ ಹಾಗೆ. ನಾಳೆಯಿಂದ ಯಾವ ಮಷೀನೂ ತಾನಾಗೇ ಓಡೋದು ಬೇಡ. ಶುರುವಿನಿಂದ ಮುಗಿಯೋ ತನಕ ಎದುರಿಗೊಬ್ಬರು ಕೂತಿರ್ಬೇಕು."

"ಸಾರ್, ಐದಕ್ಕೆ ನಾನು..."

"ಮುಗಿಯೋ ತನಕ" ಎಂದರು ಅವರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಗೊಣಗಿದ ತಾತ. ಆದರೆ ಆ ಬಾಗಿಲು ಬಿದ್ದದ್ದು ಹೌದಕ್ಕನ ಬೆರಳಿನ ಮೇಲೆ.

ಮೈದುನನಿಗೆ ಅವಳೇ ಫೋನು ಮಾಡಿ ಹೇಳಿದಳು. ಮುಚ್ಚಿಡುವ ತ್ರಾಣ ಇರಲಿಲ್ಲ.

"ಆಶ್ರಮದಲ್ಲಿ ಒಂದು ಹಾಸಿಗೆ ಖಾಲಿ ಆಗ್ತಿದೆ ಅತ್ತಿಗೆ. ಭಾನುವಾರದೊಳಗೆ ಬೇಕು ಬೇಡ ಹೇಳ್ಬೇಕು. ಅಲ್ಲಿ ತನಕ ಸಂಜೆ ಹೊತ್ತು ನಾನೇ ಬಂದು ಕೂರ್ತೀನಿ."

"ಅವರು ಕೇಳ್ತಾರೆ. ಉತ್ತರ ಹೇಳ್ಬೇಕು."

"ಹೇಳಿದ್ರಾಯ್ತು. ಅದೇನು ಕಲ್ಲು ಒಡೆಯೋ ಕೆಲಸಾನಾ?"

ಅವಳು ಫೋನಿಟ್ಟಳು. ಕಲ್ಲಾದರೆ ಒಂದು ಸಲ ಒಡೆದರೆ ಒಡೆದೇ ಇರುತ್ತದೆ.

ಆ ವಾರ ಪೂರ್ತಿ ಅವಳು ಪರದೆಗಳ ಮುಂದೆ ಕೂತಳು. ಮಷೀನುಗಳಿಗೆ ಅವಳು ಬೇಕಿರಲಿಲ್ಲ, ಸುಮ್ಮನೆ ಕಾವಲು. ಕೂತು ಕೂತು ಬೆನ್ನು ಮರಗಟ್ಟಿದಾಗ ಅವಳಿಗೆ ಹೊಳೆಯಿತು. ಮಷೀನಿನ ಅಷ್ಟೊಂದು ಪ್ರಶ್ನೆಗಳಲ್ಲಿ ಒಂದೇ ಒಂದು ನಿಜವಾದ ಪ್ರಶ್ನೆ. ಭಾಷೆ ತಪ್ಪಾದರೆ ಬದಲಾಯಿಸಬಹುದು, ಗಡಿಯಾರ ತಪ್ಪಾದರೆ ತಿರುಗಿಸಬಹುದು. ಅಳಿಸಲೇ ಎಂಬುದಕ್ಕೆ ಹೌದು ಎಂದರೆ ಹೋಯಿತು, ಹಿಂದೆ ಬರುವ ದಾರಿಯಿಲ್ಲ. ಬೇಡದ ಪ್ರಶ್ನೆಗಳ ಜೊತೆ ಅದನ್ನೂ ಅವಳು ಗುಡಿಸಿ ಹಾಕಿದ್ದಳು, ಕಸದ ಜೊತೆ ಉಂಗುರ ಎಸೆದ ಹಾಗೆ.

ಮತ್ತೆ ಊಟದ ಹೊತ್ತಿನಲ್ಲಿ ಫೈಲು ಬಿಚ್ಚಿದಳು. ಕೇಬಲಾಳು ಫೋನಿನಲ್ಲೇ ದಾರಿ ಹೇಳಿದ. ಈ ಸಲ ಆ ಒಂದು ಪ್ರಶ್ನೆಗೆ ಉತ್ತರ ಬರೆಯದೆ ಬಿಟ್ಟಳು. ಅದನ್ನು ನಡುವಿನಿಂದ ಎತ್ತಿ ಎಲ್ಲಕ್ಕಿಂತ ಮೊದಲು ಇಟ್ಟಳು. ಮಷೀನು ಹೊತ್ತಿಕೊಂಡ ಕೂಡಲೇ, ತಾತ ಅಂಟಿಸಿದ ಚೀಟಿಯ ನಂಬರು ಕೇಳಬೇಕು. ನಂಬರು ಒತ್ತುವ ತನಕ ಕೂದಲೂ ಕೊಂಕಬಾರದು. ಒತ್ತಿದ ಮೇಲೆ ಬೇರೇನೂ ಕೇಳಕೂಡದು, ತಾನೇ ಕೊನೆಯ ತನಕ ಹೋಗಿ ಆರಬೇಕು. ಮುಗಿದ ಮಷೀನಿಗೆ ಕೇಬಲಿನ ಕಡೆ ನೋಡುವ ಅಭ್ಯಾಸ ಬಿಡಿಸಿ ಕಳಿಸುವುದು ತಾತನ ಪಾಲಾಯಿತು.

ಶನಿವಾರ ಅವಳು ಯಜಮಾನರ ಬಾಗಿಲಿಗೆ ಹೋಗಿ ನಿಂತಳು.

"ಸಾರ್, ನಿಮ್ಮ ಕಂಪ್ಯೂಟರನ್ನ ನಮ್ಮ ಕೇಬಲಿಗೆ ಚುಚ್ಚಿ ನೋಡ್ಬೇಕು."

ಅವರು ಎರಡೂ ಕೈ ಕಂಪ್ಯೂಟರಿನ ಮೇಲಿಟ್ಟರು, ಮಗುವನ್ನು ನಾಯಿಯಿಂದ ಮರೆ ಮಾಡುವವರ ಹಾಗೆ. "ತಲೆ ನೆಟ್ಟಗಿದೆಯೇನಮ್ಮ?"

"ಮತ್ತೆ ಇದನ್ನ ನುಂಗಿದ್ರೆ ಸೋಮವಾರದಿಂದ ನಾನು ಬರಲ್ಲ. ನುಂಗದಿದ್ರೆ ನನ್ನನ್ನ ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸ್ಬೇಕು."

ಅವರು ಅವಳ ಮುಖವನ್ನೇ ನೋಡಿದರು. ಅಲ್ಲಿ ಧೈರ್ಯ ಕಾಣಿಸಿತೋ, ಇನ್ನು ಆಗದು ಎನ್ನುವ ಆಯಾಸ ಕಾಣಿಸಿತೋ. ಒಳಗಿದ್ದದ್ದನ್ನೆಲ್ಲ ಮೊದಲು ಬೇರೊಂದು ಕಡೆ ನಕಲು ಮಾಡಿಟ್ಟುಕೊಂಡು, ತಾವೇ ಕೇಬಲ್ ಚುಚ್ಚಿ ಆರಿಸಿ ಹಚ್ಚಿದರು. ಪರದೆ ಬೆಳಗಿತು. ಒಂದು ಸಾಲು ಮೂಡಿತು: ಈ ಮಷೀನನ್ನು ಅಳಿಸಬೇಕಾದರೆ ಅದರ ನಂಬರು ಒತ್ತಿ. ಅಲ್ಲಿಗೆ ನಿಂತಿತು.

ಮೂವರೂ ನಿಂತು ನೋಡಿದರು. ಚಹಾ ಬಂತು, ಕುಡಿದರು. ಲೋಟ ತೊಳೆದು ಬಂದರೂ ಅದು ಅಲ್ಲೇ ಇತ್ತು.

"ಎಷ್ಟು ಹೊತ್ತು ಹೀಗೆ ಕಾಯುತ್ತೆ?"

"ಕರೆಂಟಿರೋ ತನಕ, ಸಾರ್."

"ಅವಳ ಹತ್ರ ಕಲ್ತದ್ದಲ್ವಾ" ಎಂದ ತಾತ, ಸ್ಕ್ರೂ ಕಚ್ಚಿಕೊಂಡೇ.

ಯಜಮಾನರು ಕೇಬಲು ಕಿತ್ತು ಮತ್ತೆ ಹಚ್ಚಿದರು. ಅವರ ಸಾಮಾನು ಇದ್ದ ಹಾಗೇ ಇತ್ತು. ಉಸಿರು ಬಿಟ್ಟು ನಕ್ಕರು. "ಸರಿಯಮ್ಮ, ಐದಕ್ಕೆ ಸರಿಯಾಗಿ ಮನೆಯಲ್ಲಿರು. ಹಾಗಾದ್ರೆ ಇನ್ನೊಂದು ಲೋಡು ಮಷೀನು ತರಿಸ್ಬಹುದಲ್ಲ?"

ಹೊರಗೆ ಬಂದ ಮೇಲೆ ತಾತ ಹೇಳಿದ, "ಕಂಡೆಯಾ? ಎತ್ತು ಬೇಗ ಉತ್ತರೆ ಮನೆಗೆ ಬಿಡಲ್ಲ, ಇನ್ನೊಂದು ಹೊಲ ತೋರಿಸ್ತಾರೆ."

ಭಾನುವಾರ ಮೈದುನ ಬಂದ. ಹೌದಕ್ಕ ಗೆದ್ದ ಸುದ್ದಿಯನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕಾದಿದ್ದಳು. ಹೇಳಿದಳು. ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ಚಮಚವೊಂದನ್ನು ಆ ಕಡೆ ಈ ಕಡೆ ಮಾಡುತ್ತಿದ್ದ. ಒಂದೇ ವಾರದಲ್ಲಿ ಅವನ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು.

"ಅಮ್ಮ ನನ್ನನ್ನ ಮೀಟರ್ ಓದೋನು ಅಂದ್ಕೊಂಡಿದ್ದಾಳೆ ಅತ್ತಿಗೆ. ದಿನಾ ಅದೇ. ಮೀಟರ್ ಬರ್ಕೊಂಡಾಯ್ತಾ, ಆಯ್ತಾ ಅಂತ. ಎಷ್ಟು ಸಲ ಹೇಳಿದ್ರೂ."

"ಹೂಂ."

"ಮೊನ್ನೆ ಸಾಕಾಗಿ, ಆಯ್ತಮ್ಮ ಬರ್ಕೊಂಡೆ ಅಂದೆ. ಹಾಗಾದ್ರೆ ಹೊರಡಪ್ಪ, ನನ್ನ ಚಿಕ್ಕ ಮಗ ಬರೋ ಹೊತ್ತಾಯ್ತು ಅಂದ್ಲು." ಚಮಚ ನಿಂತಿತು. "ಅವನು ಬರೋದೇ ಅಪರೂಪ, ಬಂದಾಗ ನಾನು ಮನೇಲಿ ಇಲ್ದಿದ್ರೆ ಬೇಜಾರು ಮಾಡ್ಕೋತಾನೆ, ಅದಕ್ಕೇ ನಾನು ಎಲ್ಲೂ ಹೋಗಲ್ಲ ಅಂದ್ಲು."

ಒಳಗಿನಿಂದ ಅತ್ತೆ ಯಾರನ್ನೋ ಏನೋ ಕೇಳುತ್ತಿದ್ದರು. ಇಬ್ಬರೂ ಏಳಲಿಲ್ಲ.

"ಹಾಸಿಗೆ ಬೇಡ ಅಂತ ಹೇಳಿ ಬಂದೆ" ಎಂದ ಅವನು. "ಮಂಗಳವಾರ, ಶುಕ್ರವಾರ ಸಂಜೆ ನಾನು ಬರ್ತೀನಿ. ಮೂರನೇ ದಿನ ಕೇಳ್ಬೇಡಿ ಅತ್ತಿಗೆ. ನಂಗಾಗಲ್ಲ."

"ಕೇಳಲ್ಲ ಬಿಡು" ಎಂದಳು. ಅವನಿಗೆ ಒಂದು ಲೋಟ ಚಹಾ ಬಗ್ಗಿಸಿ ಕೊಟ್ಟಳು. ಅಳುವುದೋ ನಗುವುದೋ ಮಾಡಬೇಕಿತ್ತೇನೋ, ಎರಡಕ್ಕೂ ಮೈಯಲ್ಲಿ ಕಸುವಿರಲಿಲ್ಲ.

ಮಂಗಳವಾರ ಅವಳು ಸಂಜೆ ಮೇಜಿನುದ್ದಕ್ಕೂ ನಡೆದು ಒಂದೊಂದು ಮಷೀನಿಗೂ ಅದರ ನಂಬರು ಒತ್ತಿದಳು. ಎಲ್ಲವೂ ತಮ್ಮ ತಮ್ಮ ದಾರಿ ಹಿಡಿದವು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದಳು. ಅಲ್ಲಿ ನೆನಪಾಯಿತು, ಇವತ್ತು ಓಡಬೇಕಾಗಿಲ್ಲ.

ತಾತ ಅಂಗಿ ಕೊಡವಿಕೊಂಡು ಹೊರಡುತ್ತಿದ್ದ. "ಯಾಕೆ, ನಿನ್ನ ಬಸ್ಸು ಹೋಗ್ಲಿಲ್ವಾ?"

"ಇವತ್ತು ಮೈದುನನ ಪಾಳಿ."

"ಮತ್ತೇನು, ಎಲ್ಲಾದ್ರೂ ಹೋಗಿ ಬಾ. ಅಂಗಡಿ ಬೀದಿ ಸುತ್ತು. ಯಾರಾದ್ರೂ ಗೆಳತಿ ಮನೆಗೆ ಹೋಗು."

ಅವಳು ಯೋಚಿಸಿದಳು. ಬಹಳ ದಿನದಿಂದ ತೆರೆಯದ ಪೆಟ್ಟಿಗೆಯಲ್ಲಿ ಏನಿದೆ ಎಂದು ನೆನಪು ಮಾಡಿಕೊಳ್ಳುವವಳ ಹಾಗೆ ಯೋಚಿಸಿದಳು. "ಯಾರ ಮನೆಗೆ ತಾತ?"

ತಾತ ಮೂಲೆಯ ರಾಶಿಯಿಂದ ಕಾಲು ಸರಿಯಿದ್ದ ಒಂದು ಸ್ಟೂಲು ಎಳೆದು ತಂದು ಅವಳ ಕುರ್ಚಿಯ ಮುಂದಿಟ್ಟ. "ಕಾಲು ನೀಡ್ಕೋ" ಎಂದು ಹೇಳಿ ಹೋದ.

ಅವಳು ಕಾಲು ನೀಡಿಕೊಂಡಳು. ಚಪ್ಪಲಿಯ ಪಟ್ಟಿಯ ಗುರುತು ಪಾದದ ಮೇಲೆ ಹಳ್ಳವಾಗಿ ಬಿದ್ದಿತ್ತು. ಕಿಟಕಿಯ ಬೆಳಕು ನೆಲದ ಮೇಲೆ ಉದ್ದವಾಗಿ ಮಲಗಿತ್ತು. ಸಾಲು ಮಷೀನುಗಳು ಸಣ್ಣಗೆ ಗುಂಯ್ ಎನ್ನುತ್ತಿದ್ದವು. ಯಾವುದೂ ಅವಳನ್ನು ಏನೂ ಕೇಳಲಿಲ್ಲ. ಒಂದು ಮುಗಿಸಿ ಆರಿತು. ಆಮೇಲೆ ಅದರ ಪಕ್ಕದ್ದು. ಅವಳ ತಲೆ ಒಂದು ಕಡೆಗೆ ವಾಲಿತು.

ಎಬ್ಬಿಸಿದ್ದು ಫೋನು. ಮೈದುನ.

"ಅತ್ತಿಗೆ, ಎಲ್ಲಿದೀರಿ?"

"ಯಾಕೆ, ಏನಾಯ್ತು? ಹೊರಗೆ ಹೋದ್ರಾ?"

"ಇಲ್ಲ ಇಲ್ಲ, ಇಲ್ಲೇ ಬಾಗಿಲ ಹತ್ರ ಕೂತಿದ್ದಾಳೆ. ಒಳಗೆ ಬಾ ಅಂದ್ರೆ ಬರ್ತಿಲ್ಲ. ಐದರಿಂದ ಒಂದೇ ಸಮ ಕೇಳ್ತಿದ್ದಾಳೆ. ಆ ಹೆಂಗಸು ಯಾಕೆ ಇನ್ನೂ ಬಂದಿಲ್ಲ, ಆ ಹೆಂಗಸು ಯಾಕೆ ಇನ್ನೂ ಬಂದಿಲ್ಲ ಅಂತ."

"ಯಾವ ಹೆಂಗಸು?"

"ಕೇಳಿದೆ. ಹೆಸರು ಗೊತ್ತಿಲ್ವಂತೆ. ಯಾರು ಅಂತಾನೂ ಗೊತ್ತಿಲ್ವಂತೆ. ಈ ಹೊತ್ತಿಗೆ ದಿನಾ ಬರ್ತಾಳಲ್ಲ, ಅವಳು ಅಂತಾಳೆ."

ಎದುರಿಗೆ ಇನ್ನೊಂದು ಪರದೆ ಕಪ್ಪಾಯಿತು.

"ಏನು ಹೇಳ್ಲಿ ಅತ್ತಿಗೆ?"

ಅವಳು ಸ್ಟೂಲಿನಿಂದ ಕಾಲಿಳಿಸಿ, ಮೇಜಿನ ಕೆಳಗೆ ಚಪ್ಪಲಿಗಾಗಿ ಪಾದದಿಂದಲೇ ತಡವಿದಳು.

"ಬಸ್ಸಿನಲ್ಲಿದ್ದಾಳಂತೆ ಅನ್ನು" ಎಂದಳು.